ಕಾಲುವೆಗೆ ನೀರು ಬಿಡುವ ತನಕ

ನಮ್ಮ ಮನೆಯಲ್ಲಿ ದೇವರುಗಳಿಗೆ ಬರ ಇರಲಿಲ್ಲ. ಅವ್ವ ಬಸ್ಸಮ್ಮ ಯೇಸುವಿನವಳು. ಅಪ್ಪ ಮೂಕಪ್ಪ ಯಾವ ದೇವರಿಗೂ ಕೈ ಮುಗಿದವನಲ್ಲ, ಯಾವ ದೇವರ ಊಟವನ್ನೂ ತಪ್ಪಿಸಿದವನಲ್ಲ. ನನಗೆ ವಿಶಾಖಾ ಅಂತ ಹೆಸರಿಟ್ಟವನು ರಾಯಚೂರಿನ ಸೋದರಮಾವ. ಅವನ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಅಲ್ಲೇ ಇದ್ದು ಓದಿ, ಈಗ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನಗೆ ದೇವರ ಮೇಲೆ ನಂಬಿಕೆ ಇಲ್ಲ, ಸಿಟ್ಟು ಮಾತ್ರ ಇದೆ. ಇಲ್ಲದವನ ಮೇಲೆ ಸಿಟ್ಟು ಹೇಗೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ.

ಮಾನ್ವಿಯಲ್ಲಿ ಅವ್ವ ಹೋಗುವ ಪ್ರಾರ್ಥನಾ ಮಂದಿರ ಅಂದರೆ ಒಂದು ತಗಡಿನ ಶೆಡ್ಡು. ಅದರ ಪಾಸ್ಟರ್ ಪ್ರಭುರಾಜ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರನ್ನು ಬೈಯುವವಳಿದ್ದೇನೆ. ಜ್ವರ ಬಂದವರ ಮನೆಗೆ ಗಂಜಿ ಹಿಡಿದುಕೊಂಡು ಹೋಗುವ ಜನ ಎಷ್ಟು ಮಂದಿ ಸಿಗುತ್ತಾರೆ? ಆದರೆ ದೀಕ್ಷಾಸ್ನಾನದ ಮಾತು ಬಂದರೆ ಅವರು ಕಲ್ಲು. ಹರಿಯುವ ನೀರೇ ಆಗಬೇಕು, ಆಳು ಪೂರ್ತಿ ಮುಳುಗಬೇಕು, ತಲೆಯ ಒಂದು ಕೂದಲೂ ಮೇಲೆ ಉಳಿಯಬಾರದು. ಹೀಗಾಗಿ ವರ್ಷಕ್ಕೆ ಒಂದೇ ಸಲ, ಮಳೆಗಾಲದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ಬರುವ ಭಾನುವಾರ, ಎಲ್ಲರಿಗೂ ಒಟ್ಟಿಗೆ. ನಮ್ಮ ಕಡೆ ಭತ್ತದ ನಾಟಿಯೂ ಸ್ವರ್ಗವೂ ಒಂದೇ ಗೇಟಿನಿಂದ ಬರುತ್ತವೆ ಅಂತ ನಾನು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ.

ಹೋದ ವರ್ಷ ಅಪ್ಪನೂ ಆ ಭಾನುವಾರ ಕಾಲುವೆಯ ತನಕ ಬಂದಿದ್ದ. ಹೆಗಲ ಮೇಲೆ ಹಮಾಲರ ದಪ್ಪ ಟವಲು ಹಾಕಿಕೊಂಡು ದಂಡೆಯ ಮೇಲೆ ನಿಂತಿದ್ದ. ನೀರಿನಲ್ಲಿ ನಿಂತ ಅವ್ವ ಎರಡೂ ಕೈ ಚಾಚಿ ಕರೆದಳು. ಅಷ್ಟರಲ್ಲಿ ಅವನು ಚೀಲ ಹೊರುವ ರೈಸ್‌ಮಿಲ್ಲಿನಿಂದ ಫೋನು ಬಂತು.

"ಲಾರಿ ಬಂದು ನಿಂತದ ಬೇ. ಮುಂದಿನ ನೀರಿಗೆ ನೋಡೋಣ ತಗಾ" ಅಂದು ಹೊರಟುಹೋದ.

ಮುಂದಿನ ನೀರು ಬರುವ ಮೊದಲೇ ಅಪ್ಪನ ಎದೆ ಕೈಕೊಟ್ಟಿತು. ಒಂದು ಜನ್ಮವೆಲ್ಲ ಮಿಲ್ಲಿನ ತೌಡು, ಹೊಟ್ಟಿನ ಧೂಳು ಕುಡಿದ ಎದೆ. ರಾಯಚೂರಿನ ಆಸ್ಪತ್ರೆಗೆ ನಾನೇ ಸೇರಿಸಿದ್ದೆ. ಡಾಕ್ಟರು ನನ್ನನ್ನು ಬಾಗಿಲ ಹೊರಗೆ ಕರೆದು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಬಿಸಿಲು ತಾಗಿಸಬೇಡಿ, ಏನು ಕೇಳುತ್ತಾರೋ ಕೊಡಿ ಅಂದರು. ಶಾಲೆಗೆ ಬೇಸಿಗೆ ರಜೆ ಇತ್ತು. ಅಪ್ಪನನ್ನು ಕರೆದುಕೊಂಡು ನಾನೂ ಮಾನ್ವಿಗೆ ಬಂದೆ.

ಬಂದ ಮಾರನೆಯ ಬೆಳಿಗ್ಗೆ ಅಪ್ಪ ಗೋಡೆಗೆ ಒರಗಿ ಕುಳಿತು ಚಹ ಗುಟುಕರಿಸುತ್ತ ಅಂದ:

"ಬಸ್ಸೀ, ನಿನ್ನ ನೀರಿನ ಕೆಲಸ ನನಗೂ ಮಾಡಿಸಿಬಿಡು."

ಅವ್ವನ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. "ಚಾಷ್ಟಿ ಮಾಡಬ್ಯಾಡ."

"ಚಾಷ್ಟಿ ಅಲ್ಲ. ಹೊತ್ತಿದ್ದು ಇಳಸ್ತಾನ ಅಂತಿಯಲ್ಲ ನಿಮ್ಮ ಯೇಸಪ್ಪ. ನನ್ನದೂ ಇಳಸ್ಲಿ. ಮತ್ತ ನೀ ಒಂದು ಕಡಿ, ನಾ ಒಂದು ಕಡಿ ಆದ್ರ ನನಗ ರೊಟ್ಟಿ ಯಾರು ಬಡೀತಾರ?"

ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಷ್ಟು ವರ್ಷ ಅವಳು ಮೊಣಕಾಲೂರಿ ಕೇಳಿದ್ದು ಇದೊಂದನ್ನೇ. ಗಂಡ ಸಾಯುತ್ತಾನೆ ಅನ್ನುವುದಕ್ಕಿಂತ, ಸತ್ತ ಮೇಲೆ ತನಗೆ ಸಿಗುವುದಿಲ್ಲ ಅನ್ನುವುದೇ ಅವಳಿಗೆ ದೊಡ್ಡ ಭಯವಾಗಿತ್ತು. "ನಾ ಒಬ್ಬಾಕಿ ಅಲ್ಲಿ ಹೋಗಿ ಏನ್ ಮಾಡ್ಲಿ?" ಅಂತ ಎಷ್ಟೋ ಸಲ ನನ್ನ ಮುಂದೆ ಅಂದಿದ್ದಳು.

ಪಾಸ್ಟರ್ ಓಡಿ ಬಂದರು. ಅಪ್ಪನ ಕೈ ಹಿಡಿದು ಪ್ರಾರ್ಥನೆ ಮಾಡಿದರು, ಕಣ್ಣಲ್ಲಿ ನೀರು ತಂದುಕೊಂಡರು. ಎಲ್ಲ ಆದ ಮೇಲೆ ಅಂದರು: "ಬಸ್ಸಮ್ಮಕ್ಕ, ಕಾಲುವಿ ಒಣಗ್ಯಾದ. ನೀರು ಬಿಡೋತನಕ ದೇವರು ಅಣ್ಣನ್ನ ಕಾಯ್ತಾನ. ನಂಬ್ರಿ."

ನನಗೆ ತಡೆಯಲಾಗಲಿಲ್ಲ. "ನೀರು ಬಿಡೋದು ದೇವರಲ್ರಿ, ನೀರಾವರಿ ಇಲಾಖೆಯವರು. ಡ್ರಮ್ಮಿನ್ಯಾಗ ನೀರು ತುಂಬಿ ಕೂಡಿಸ್ರಿ. ಇಲ್ಲಾಂದ್ರ ಒಂದು ಚೊಂಬು ತಲಿಮ್ಯಾಲ ಹಾಕ್ರಿ. ರಾಯಚೂರಾಗ ಬ್ಯಾರೆ ಚರ್ಚಿನವರು ಹಂಗ ಮಾಡಲ್ಲೇನ್ರಿ?"

"ಅದು ಆಟ ಆಗ್ತದಮ್ಮಾ. ರಕ್ಷಣಿ ಆಟ ಅಲ್ಲ."

ಅವ್ವ ನನ್ನ ಕಡೆ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ. "ಅರ್ಧಮರ್ಧ ಮಾಡಿ ಕಳಸಿ, ಅಲ್ಲಿ ಬಾಗಲಾಗ ಹೊರಗ ನಿಂದ್ರಿಸಿಬಿಟ್ರ ನಾ ಯಾರನ್ನ ಕೇಳ್ಲಿ ಬೇ?" ಅಂದಳು. ಜೀವನಪೂರ್ತಿ ಮಿಲ್ಲಿನ ಮಾಲೀಕರ ಬಾಗಿಲ ಹೊರಗೆ ನಿಂತವನಿಗೆ ಅಲ್ಲಾದರೂ ಅದು ತಪ್ಪಲಿ ಅನ್ನುವುದು ಅವಳ ಆಸೆ.

ಅಪ್ಪನ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು. ತುಂಗಭದ್ರೆ ನಮಗೆ ಹತ್ತಿರ, ಆದರೆ ಆ ಬೇಸಿಗೆಯಲ್ಲಿ ಅಲ್ಲಿದ್ದದ್ದು ಬಂಡೆ ಮತ್ತು ಮರಳು. ದೇವದುರ್ಗದ ಆಚೆ ಕೃಷ್ಣೆಯಲ್ಲಿ ನೀರು ಇನ್ನೂ ಸಣ್ಣಗೆ ಹರಿಯುತ್ತಿದೆ ಅಂತ ಯಾರೋ ಪಾಸ್ಟರಿಗೆ ಹೇಳಿದರು. ಅವ್ವ ಅದನ್ನೇ ಹಿಡಿದಳು. ಬಿಸಿಲು ತಾಗಿಸಬೇಡಿ ಅಂದ ಡಾಕ್ಟರ ಮಾತನ್ನು ನಾನು ಹೇಳಿದೆ, ಕೂಗಾಡಿದೆ. ಕೊನೆಗೆ ಅಪ್ಪನೇ ಅಂದ: "ಹೋಗೋಣು ಬಿಡು. ಆಕಿ ಜೀವಕ್ಕ ಸಮಾಧಾನ ಆಗ್ಲಿ."

ಶಾಮೀದಸಾಬ ಅಪ್ಪನ ಹಳೆಯ ಗೆಳೆಯ, ಮೂರು ಗಾಲಿಯ ಟಂಟಂ ಓಡಿಸುವವನು. ಹಿಂದಿನ ಸೀಟು ತೆಗೆದು, ಕೌದಿ ಹಾಸಿ ಅಪ್ಪನನ್ನು ಮಲಗಿಸಿದ. ಪಾಸ್ಟರನ್ನೂ ಕರೆದುಕೊಂಡು ನಸುಕಿನಲ್ಲಿ ಹೊರಡುವ ಮಾತಾಗಿತ್ತು. ಹೊರಡುವ ಹೊತ್ತಿಗೆ ಅಪ್ಪನಿಗೆ ಉಸಿರು ಹಿಡಿದುಕೊಂಡಿತು. ಅದು ಸಡಿಲಾಗಿ ಗಾಡಿ ಬಿಡುವಾಗ ಸೂರ್ಯ ನೆತ್ತಿಗೆ ಬರುತ್ತಿದ್ದ.

"ಶಾಮೀದಾ, ಮೆಲ್ಲಕ ಹೊಡಿಯೋ. ಹಳೇ ಚೀಲ, ಹರದ್ರ ಅಕ್ಕಿ ಚೆಲ್ಲತದ" ಅಂದ ಅಪ್ಪ. ಶಾಮೀದಸಾಬ ನಕ್ಕ, ಆಮೇಲೆ ಕನ್ನಡಿಯಲ್ಲಿ ನೋಡಿದೆ, ಕಣ್ಣು ಒರೆಸಿಕೊಳ್ಳುತ್ತಿದ್ದ.

ದೇವದುರ್ಗ ದಾಟಿದ ಮೇಲೆ ಅಪ್ಪ ಮಾತು ನಿಲ್ಲಿಸಿದ. ಹೊಳೆಯ ದಂಡೆ ಸಿಕ್ಕಿತು, ಹೊಳೆ ಸಿಗಲಿಲ್ಲ. ಗಾಡಿಯ ದಾರಿ ಮುಗಿದ ಕಡೆಯಿಂದ ಬಂಡೆಗಳು, ಬಂಡೆಗಳ ಆಚೆ ಮರಳು, ಅದರ ಆಚೆ ಎಲ್ಲೋ ನೀರಿನ ಹೊಳಪು. ಆಳ ಇರುವ ಜಾಗ ನೋಡಿ ಬರುತ್ತೇವೆ ಅಂತ ಪಾಸ್ಟರ್ ಮತ್ತು ಅವ್ವ ನಡೆದರು. ಅವ್ವ ನಡೆಯಲಿಲ್ಲ, ಓಡಿದಳು. ಈ ವಯಸ್ಸಿನಲ್ಲಿ ಅವಳು ಓಡುವುದನ್ನು ನಾನು ನೋಡಿದ್ದು ಅವತ್ತೇ.

ಗಾಡಿಯನ್ನು ಜಾಲಿ ಗಿಡದ ಕೆಳಗೆ ನಿಲ್ಲಿಸಿದ್ದೆವು. ಜಾಲಿಯ ನೆರಳು ನಿಮಗೆ ಗೊತ್ತಲ್ಲ, ಜರಡಿಯ ಹಾಗೆ, ಬಿಸಿಲೆಲ್ಲ ಕೆಳಗೆ ಸುರಿಯುತ್ತದೆ. ಟಂಟಂನ ತಗಡು ಮುಟ್ಟಲಾಗದಷ್ಟು ಕಾದಿತ್ತು. ಅಪ್ಪನ ಹಣೆ ಅದಕ್ಕಿಂತ ಹೆಚ್ಚು ಕಾದಿತ್ತು, ಬೆವರು ನಿಂತುಹೋಗಿತ್ತು. ಬಾಯಿಗೆ ನೀರು ಬಿಟ್ಟೆ, ಒಳಗೆ ಇಳಿಯಲಿಲ್ಲ. ಶಾಮೀದಸಾಬನ ಹತ್ತಿರ ಗೋಣಿತಟ್ಟು ಸುತ್ತಿದ ನೀರಿನ ಕ್ಯಾನು ಇತ್ತು. ಅವನು ಅಪ್ಪನ ತಲೆ ಎತ್ತಿ ಹಿಡಿದ, ನಾನು ಕ್ಯಾನು ಬಗ್ಗಿಸಿ ತಲೆಯ ಮೇಲೆ ಸುರಿದೆ. ಮುಖ, ಕುತ್ತಿಗೆ, ಎದೆ, ಹೆಗಲ ಟವಲು, ಎಲ್ಲ ತೊಯ್ಯುವ ತನಕ ಸುರಿದೆ. ನನಗೆ ಬೇಕಾಗಿದ್ದದ್ದು ಅಪ್ಪನ ಮೈ ತಣ್ಣಗಾಗುವುದು, ಬೇರೆ ಏನೂ ಅಲ್ಲ.

ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ: "ಆತೇನು?"

ಕ್ಯಾನು ಖಾಲಿಯಾಗಿತ್ತು. "ಆತು ಯಪ್ಪಾ" ಅಂದೆ.

ಅಪ್ಪ ದೊಡ್ಡದೊಂದು ಉಸಿರು ಬಿಟ್ಟ. ಆ ಸದ್ದು ನನಗೆ ಗೊತ್ತು. ಸಣ್ಣವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ದು ಮಿಲ್ಲಿನ ಗೋಡೆಯ ಆಚೆ ನಿಂತಿರುತ್ತಿದ್ದೆ. ಬೆನ್ನ ಮೇಲಿನ ಚೀಲ ಥಪ್ಪನೆ ಕೆಳಗೆ ಬೀಳುತ್ತಿತ್ತು, ಹಿಂದೆಯೇ ಹಮಾಲನೊಬ್ಬ ಹುಶ್ ಅನ್ನುತ್ತಿದ್ದ. ಅಷ್ಟು ಜನರಲ್ಲಿ ಅಪ್ಪನ ಹುಶ್ ಯಾವುದು ಅಂತ ನಾನು ಗುರುತಿಸುತ್ತಿದ್ದೆ. ಅದೇ ಉಸಿರು. ಹೊರಗೆ ಬಂತು, ಮತ್ತೆ ಒಳಗೆ ಹೋಗಲಿಲ್ಲ.

ಬಂಡೆಗಳ ಮೇಲಿಂದ ಅವ್ವ ಓಡಿ ಬರುತ್ತಿದ್ದಳು. ಸೀರೆ ಎದೆಯ ತನಕ ಒದ್ದೆ. ನೀರು ಎಷ್ಟಿದೆ ಅಂತ ತಾನೇ ಇಳಿದು ನೋಡಿದ್ದಳು. "ಎದಿಮಟ್ಟ ಅದ! ವಿಶಾಖಾ, ಎದಿಮಟ್ಟ ನೀರು ಅದ!" ಅಂತ ಕೂಗುತ್ತಿದ್ದಳು. ಮುಖದ ತುಂಬ ನಗು. ದೇವರಿಗೆ ಕಣ್ಣಿದ್ದಿದ್ದರೆ ಆ ನಗುವನ್ನು ನೋಡಬೇಕಿತ್ತು.

ಅಪ್ಪನನ್ನು ಮಾನ್ವಿಗೆ ತಂದು ಮಣ್ಣು ಮಾಡಿದೆವು. ಪಾಸ್ಟರ್ ಗೋರಿಯ ಹತ್ತಿರ ನಿಂತು ಪ್ರಾರ್ಥನೆ ಮಾಡಿದರು, ಆದರೆ ಮುಳುಗಿ ದೀಕ್ಷೆ ಪಡೆದವರಿಗೆ ಹೇಳುವಷ್ಟು ಜೋರಾಗಿ ಹೇಳಲಿಲ್ಲ ಅಂತ ಅವ್ವನಿಗೆ ಅನ್ನಿಸಿತು. ಅವಳು ಅನ್ನ ಬಿಟ್ಟಳು. ಪ್ರಾರ್ಥನೆಗೆ ಹೋಗುವುದನ್ನೂ ಬಿಟ್ಟಳು. ಅವಳ ಜೀವ ಉಳಿಯಲಿ ಅಂತ, ಪಾಸ್ಟರ್ ಮನೆಗೆ ಬಂದಾಗ ಅವರ ಮುಂದೆಯೇ ನಾನು ಎಲ್ಲ ಹೇಳಿದೆ. ನೀರು ಸುರಿದದ್ದು, ಆತೇನು ಅಂತ ಅಪ್ಪ ಕೇಳಿದ್ದು, ಆತು ಅಂದದ್ದು.

ಅವ್ವ ಎದ್ದು ಕುಳಿತಳು. "ಯಾರ ಹೆಸರು ತಗೊಂಡಿ?"

ಒಂದು ಸುಳ್ಳು ಸಾಕಿತ್ತು. ನನ್ನ ಹಾಳು ಬಾಯಿಗೆ ಅದು ಬರಲಿಲ್ಲ. "ಯಾರದೂ ಇಲ್ಲ ಯವ್ವಾ. ಬಿಸಲಿಗೆ ಹಾಕಿದೆ."

ಅವ್ವ ಪಾಸ್ಟರ ಕಡೆ ನೋಡಿದಳು. ಅವರು ಅವಳ ಹತ್ತಿರ ಬಂದು ಕುಳಿತರು. "ದೇವರ ದಯ ದೊಡ್ಡದು ಬಸ್ಸಮ್ಮಕ್ಕ" ಅಂದರು.

"ದೊಡ್ಡದಂದ್ರ ಎಷ್ಟು ದೊಡ್ಡದ್ರಿ? ನಮ್ಮವ ಅದರಾಗ ಹಿಡಸ್ತಾನೇನು?"

"ಶಿಲುಬಿ ಮ್ಯಾಲ ಸ್ವಾಮಿ ಮಗ್ಗಲಾಗ ಒಬ್ಬ ಕಳ್ಳ ಸಾಯಾಕತ್ತಿದ್ದ. ಅವನ್ನ ಯಾರೂ ನೀರಾಗ ಮುಳುಗಿಸಿದ್ದಿಲ್ಲಕ್ಕ. ಆದ್ರೂ ಸ್ವಾಮಿ ಅವನ್ನ ಜೋಡಿ ಕರಕೊಂಡು ಹೋದ. ಅಣ್ಣನ್ನ ಬಿಡ್ತಾನೇನು?"

ನನ್ನ ತಲೆಗೆ ರಕ್ತ ಏರಿತು. "ಈ ಕಳ್ಳ ಇಷ್ಟು ದಿನ ಎಲ್ಲಿ ಹೋಗಿದ್ದನ್ರಿ ಪಾಸ್ಟರೇ? ಕಾಲುವಿ ಒಣಗ್ಯಾದ ಅಂದಾಗ ನೆನಪಾಗಲಿಲ್ಲೇನು? ಟಂಟಂ ಹತ್ತೋ ಮುಂದ ನೆನಪಾಗಲಿಲ್ಲೇನು?"

ಪ್ರಭುರಾಜರು ಅಳತೊಡಗಿದರು. ತಮ್ಮ ಗುರುಗಳು ಕಲಿಸಿದ್ದನ್ನೇ ತಾವೂ ಕಲಿಸಿದ್ದು ಅಂದರು. ಅವರ ಅಳುವಿನಿಂದ ನನಗೆ ಒಂದು ಚೂರೂ ಸಮಾಧಾನ ಆಗಲಿಲ್ಲ. ಅವ್ವ ಅಳಲಿಲ್ಲ, ಬೈಯಲಿಲ್ಲ. ಸಂತೆಯ ಲೆಕ್ಕ ಹೇಳುವವಳ ಹಾಗೆ ತಣ್ಣಗೆ ಅಂದಳು:

"ನೀರು ಬೇಕಾಗಿತ್ತಂದ್ರ ಅವ ನನಗ ಸಿಗಂಗಿಲ್ಲ. ನೀರು ಬ್ಯಾಡಾಗಿತ್ತಂದ್ರ ನಾನೇ ಅವನ್ನ ಬಿಸಲಿಗೆ ಒಯ್ದು ಕೊಂದೆ. ಎರಡರಾಗ ಯಾವುದನ್ನ ಬೇಡಿಕೊಳ್ಲಿ ಹೇಳ್ರಿ ಅಯ್ಯಾ?"

ಅಪ್ಪ ಕೊನೆಗೆ ಬಿಟ್ಟ ಉಸಿರಿನ ಬಗ್ಗೆ, ಅದರಲ್ಲಿ ಭಾರ ಇಳಿದಿತ್ತು ಅನ್ನುವ ಬಗ್ಗೆ ಹೇಳಿ ನೋಡಿದೆ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು.

ಮಳೆಗಾಲ ಬಂತು, ಕಾಲುವೆಗೆ ನೀರು ಬಿಟ್ಟರು. ಮಂದಿರದವರು ಭಾನುವಾರಕ್ಕೆ ತಯಾರಿ ಮಾಡಿದರು. ಅವ್ವ ಭಾನುವಾರದ ತನಕ ಕಾಯಲಿಲ್ಲ. ಶನಿವಾರ ಮಧ್ಯಾಹ್ನ ನಾನು ರಾಯಚೂರಿನಿಂದ ಬಂದಾಗ ಮನೆಗೆ ಬೀಗ ಇತ್ತು. ಕಾಲುವೆಗೆ ಹೋಗಿ ನೋಡಿದರೆ, ಮೆಟ್ಟಿಲ ಮೇಲೆ ಸೊಂಟದ ತನಕ ನೀರಿನಲ್ಲಿ ನಿಂತಿದ್ದಳು. ಕೈಯಲ್ಲಿ ಅಪ್ಪನ ಟವಲು. ಅವತ್ತು ಹೊಳೆದಂಡೆಯಲ್ಲಿ ತೊಯ್ದು ಒಣಗಿದ ಮೇಲೆ ಅದನ್ನು ಒಗೆದೇ ಇರಲಿಲ್ಲ.

ಅವಳು ಅದನ್ನು ನೀರಿಗೆ ಒತ್ತುತ್ತಿದ್ದಳು. ಬಟ್ಟೆಯೊಳಗೆ ಗಾಳಿ ತುಂಬಿ ಅದು ಮೇಲೆ ಬರುತ್ತಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಮತ್ತೆ ಒತ್ತುತ್ತಿದ್ದಳು.

"ಬಾ ಬೇ, ಆ ಕಡಿ ಹಿಡಿ" ಅಂದಳು ನನ್ನ ನೋಡಿ. "ಪೂರಾ ಮುಳುಗಬೇಕು. ಒಂದು ಎಳಿನೂ ಮ್ಯಾಲ ಉಳಿಬಾರ್ದು."

ಚಪ್ಪಲಿ ಬಿಟ್ಟು ಇಳಿದೆ. ನೀರು ಕೆಂಪಗೆ, ತಣ್ಣಗೆ, ಬೇಕಾದಷ್ಟಿತ್ತು. ಎರಡು ತುದಿ ನಾನು ಹಿಡಿದೆ, ಎರಡು ತುದಿ ಅವ್ವ ಹಿಡಿದಳು. ಇಬ್ಬರೂ ಬಗ್ಗಿ ಕೆಳಗೆ ಒತ್ತಿದೆವು. ತಂದೆಯ, ಮಗನ, ಪವಿತ್ರಾತ್ಮನ ಹೆಸರನ್ನು ಅವ್ವ ದಂಡೆಯ ಮೇಲೆ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಆಮೇಲೆ ಉಸಿರು ಹಿಡಿದು ನನ್ನನ್ನು ಕೇಳಿದಳು:

"ಆತೇನು?"

ಅವತ್ತು ಎಷ್ಟು ಸಲೀಸಾಗಿ ಆತು ಅಂದಿದ್ದೆ. ಅಪ್ಪ ಏನು ಕೇಳುತ್ತಿದ್ದಾನೆ ಅಂತ ಗೊತ್ತಿರಲಿಲ್ಲ, ಅದಕ್ಕೇ ಅಂದಿದ್ದೆ. ಈಗ ಗೊತ್ತಿತ್ತು. ಆತು ಅನ್ನುವ ಬದಲು ನನ್ನ ಕಡೆಯ ಎರಡು ತುದಿಗಳನ್ನು ಇನ್ನೂ ಕೆಳಗೆ ಒತ್ತಿದೆ. ನಮ್ಮ ಕೈಗಳ ನಡುವೆ ಟವಲಿನ ಹೊಟ್ಟೆ ಉಬ್ಬಿ ಮತ್ತೆ ಮೇಲೆ ಬರುತ್ತಿತ್ತು. ಅವ್ವ ಅದನ್ನು ನೋಡಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದಳು.