ಜಲಜಕ್ಕನ ಮಾಗಿ ಮಲ್ಲಿಗೆ

ಕೋಡಿಯ ಜಲಜಕ್ಕ ಕುಂದಾಪುರ ಪೇಟೆಯಲ್ಲಿ ಮೀನು ಮಾರುವವಳು. ಬುಟ್ಟಿ ಇಳಿಸಿ ಮನೆಗೆ ಬಂದವಳು ಮೊದಲು ಮಾತಾಡಿಸುತ್ತಿದ್ದದ್ದು ಗಂಡನನ್ನಲ್ಲ, ಅಂಗಳದ ಮೂಲೆಯ ಮಾಗಿ ಮಲ್ಲಿಗೆ ಗಿಡವನ್ನು. ಕೋಟೇಶ್ವರದ ಗೆಳತಿ ಕುಸುಮಾವತಿ ಕೊಟ್ಟ ಗೆಲ್ಲು, ಮೂರು ವರ್ಷಕ್ಕೆ ಸೊಂಟದೆತ್ತರ ಬೆಳೆದಿತ್ತು. ಚಳಿ ಹುಟ್ಟಿದ ಮೇಲೆ ಹೂ ಬಿಡುವ ಜಾತಿ. ೨೦೦೩ರ ಧನುರ್ಮಾಸಕ್ಕೆ ಬಿಟ್ಟದ್ದು ಎರಡೇ ಬೊಗಸೆ. ಆದರೂ ಆ ಪರಿಮಳಕ್ಕೆ ಮೀನಿನ ಬುಟ್ಟಿಯೂ ಸೋತಿತ್ತು.

ಊರಿನ ವಿಠಲನ ಭಜನಾ ಮಂದಿರದಲ್ಲಿ ಧನುರ್ಮಾಸವಿಡೀ ಬೆಳಗಿನ ಭಜನೆ. ದಿನಕ್ಕೊಂದು ಮನೆಯವರ ಮಾಲೆ. ಹೂ ಕಂಡ ಸಂತೋಷದಲ್ಲಿ ಜಲಜಕ್ಕ ಎಲ್ಲರೆದುರು ಹೇಳಿಬಿಟ್ಟಳು: "ಬಪ್ಪ ವರ್ಷ ಸುರುವಿನ ದಿನದ್ ಮಾಲಿ ನಂದೇ. ಪೇಟಿ ಹೂ ಅಲ್ಲ, ನನ್ ಗಿಡದ್ದೇ!"

ಮಾಗಿ ಕಳೆದ ಮೇಲೆ ಗೆಲ್ಲು ಸವರಿದಳು. ಬೇಸಿಗೆಯಲ್ಲಿ ಬುಡಕ್ಕೆ ತೆಂಗಿನ ಸಿಪ್ಪೆ ಹಾಸಿದಳು. ಮಳೆಗಾಲದಲ್ಲಿ ನೀರು ನಿಲ್ಲದಂತೆ ಹೊಯಿಗೆ ಮಣ್ಣು ಏರಿಸಿದಳು. ಇಷ್ಟು ಸಾಲದೆಂದು, ಮನೆಯ ಬಂಗುಡೆ, ಬೂತಾಯಿ ತೊಳೆದ ನೀರನ್ನು ದಿನಾ ತಪ್ಪದೆ ಬುಡಕ್ಕೆ ಎರೆದಳು. ತನಗೆ ಒಳ್ಳೆಯದೆನಿಸಿದ್ದು ಗಿಡಕ್ಕೂ ಒಳ್ಳೆಯದೇ ಅಲ್ಲವೇ?

ದೀಪಾವಳಿ ಬಂತು. ಗಿಡ ಕಪ್ಪು ಹಸಿರಾಗಿ, ಬೇಲಿ ಮೀರಿ ಹಬ್ಬಿತ್ತು. ಹುಡುಕಿದರೆ ಒಂದು ಮೊಗ್ಗಿಲ್ಲ. ಭಜನೆಗೆ ತಾಳ ಹಾಕುವ ತಿಮ್ಮ ದಾರಿಯಲ್ಲೇ ನಿಂತ.

"ಹ್ವಾಯ್ ಜಲಜಕ್ಕ, ಈ ಸೊಪ್ಪಲ್ಲಿ ದೇವ್ರಿಗೆ ಪತ್ರೊಡಿ ಮಾಡ್ತ್ಯಾ?"

"ನಿನ್ ತಾಳ ಒಂದಿನ ಆದ್ರೂ ಸರಿ ಬಿದ್ದಿತ್ತಾ? ಸುಮ್ನೆ ಹೋಗ್ ಮಾರಾಯ!"

ತಿಮ್ಮನ ಮಾತನ್ನು ತಿಮ್ಮನಿಗೇ ತಿರುಗಿಸಬಹುದು, ವಿಠಲನಿಗೆ ಕೊಟ್ಟ ಮಾತಿಗೆ ಏನು ಮಾಡುವುದು?

ಹೇಳಿ ಕಳಿಸಿದ ಮೇಲೆ ಕುಸುಮಾವತಿ ಬಂದಳು. ಬುಡದ ಮಣ್ಣು ಮೂಸಿ ಮೂಗು ಮುಚ್ಚಿಕೊಂಡಳು.

"ಎಂತ ಹಾಕ್ತೆ ಮಾರಾಯ್ತಿ ಇದ್ಕೆ?"

"ಮೀನ್ ತೊಳ್ದ ನೀರ್. ದಿನಾ."

"ಅದ್ಕೇ! ಉಂಡ್ ಉಂಡ್ ಬರೀ ಮೈ ಬೆಳ್ಸಿತ್. ಇನ್ ಮೀನ್ ನೀರ್ ಬ್ಯಾಡ. ಬರೀ ನೀರೂ ನಾಲ್ಕ್ ದಿನಕ್ಕೊಂದ್ಸಲ ಸಾಕ್."

"ಉಣ್ಸಿದ್ ಕೈಯಲ್ಲೇ ಉಪಾಸ ಹಾಕುದಾ?"

"ಏಕಾದಶಿಗೆ ನೀ ಮಾಡುದಿಲ್ಯಾ? ಗಿಡಕ್ಕೂ ಹಾಂಗೇ."

ಅಂದಿನಿಂದ ಮೀನಿನ ನೀರು ತೆಂಗಿನ ಬುಡಕ್ಕೆ ಹೋಯಿತು. ಮಲ್ಲಿಗೆಯ ಎದುರು ಖಾಲಿ ಚೊಂಬು ಹಿಡಿದು ಹಾದುಹೋಗುವುದೇ ಜಲಜಕ್ಕನಿಗೆ ದೊಡ್ಡ ಶಿಕ್ಷೆ. ಎಲೆಗಳ ಹೊಳಪು ಮಾಸಿತು, ಕೆಲವು ಉದುರಿದವು. ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ಗೆಲ್ಲಿನ ತುದಿ ತುದಿಯಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು! ಆದರೆ ಧನುರ್ಮಾಸದ ಹಿಂದಿನ ಸಂಜೆಯೂ ಅವು ಬಾಯಿ ಬಿಡಲಿಲ್ಲ.

ಪೇಟೆ ಹೂ ತಂದರೆ ಯಾರಿಗೆ ಗೊತ್ತಾಗುತ್ತಿತ್ತು? ಜಲಜಕ್ಕ ತರಲಿಲ್ಲ. ಮಂದಿರಕ್ಕೆ ಹೋಗಿ ಕೈಮುಗಿದಳು. "ತಪ್ಪಾಯ್ತ್. ನಾಳೆಗೆ ಹೂ ಆಪುದಿಲ್ಲೆ. ಪ್ರೀತಿ ಹೆಚ್ಚಾಯ್ ನಾನೇ ಕೆಡ್ಸಿದೆ."

ಹತ್ತನೇ ದಿನದ ಸರದಿಯಿದ್ದ ಹರಿಣಾಕ್ಷಿ, "ನಾಳಿನ್ ಮಾಲಿ ನಾ ಮಾಡ್ತೆ, ನನ್ ದಿನ ನೀ ತಕೋ" ಎಂದಳು. ತಿಮ್ಮ ಈ ಸಲ ಕೆಣಕಲಿಲ್ಲ. "ಇಟ್ಟಿಗಿ ಮೇಲೆ ಎಷ್ಟೋ ಕಾಲದಿಂದ ನಿಂತವ ವಿಠಲ, ಜಲಜಕ್ಕ, ಇನ್ ಹತ್ತ್ ದಿನ ಅವ್ನಿಗೆ ಎಂತ ಲೆಕ್ಕ?"

ಹತ್ತನೆಯ ಬೆಳಗು ಜಲಜಕ್ಕ ಬಾಗಿಲು ತೆರೆದರೆ ಗಿಡದಲ್ಲಿ ಹೂವಿನ ನಡುವೆ ಎಲೆಯೇ ಕಾಣದು. ಕೊಯ್ದಳು, ಕೊಯ್ದಳು, ಮಡಿಲು ತುಂಬಿದರೂ ಅರ್ಧ ಮುಗಿಯಲಿಲ್ಲ. ಮಂದಿರದಲ್ಲಿ ಗಂಟೆ ಬಾರಿಸುವ ಹೊತ್ತಾಗಿತ್ತು. ಬೇಲಿಯಾಚೆ ಕೂಗಿದಳು, "ಹ್ವಾಯ್, ಬನ್ನಿಯಾ! ನನ್ ಎರಡ್ ಕೈ ಸಾಕಾತಿಲ್ಲೆ!"

ಭಜನೆಗೆ ಹೊರಟವರೆಲ್ಲ ಅಂಗಳಕ್ಕೆ ಬಂದರು. ಹರಿಣಾಕ್ಷಿ ಬಾಳೆನಾರು ಸೀಳಿದಳು. ತಾಳ ಜಗಲಿಯಲ್ಲಿಟ್ಟು ತಿಮ್ಮನೂ ಕೊಯ್ಯತೊಡಗಿದ. ಕೊಯ್ಯುತ್ತ ಕೊಯ್ಯುತ್ತ ಯಾರೋ ಪದ ಎತ್ತಿಕೊಂಡರು. ಆ ದಿನದ ಭಜನೆ ಜಲಜಕ್ಕನ ಅಂಗಳದಲ್ಲೇ ಸುರುವಾಗಿ, ಮಾಲೆಯ ಹಿಂದೆ ಮಂದಿರಕ್ಕೆ ನಡೆದುಹೋಯಿತು.

ಮಾಲೆ ವಿಠಲನ ಪಾದ ಮುಟ್ಟಿಯೂ ಮೊಳ ಉಳಿಯಿತು. ಎಲ್ಲರೂ ಹಾಡಿದರು. ಜಲಜಕ್ಕ ಹಾಡಲಿಲ್ಲ. ಕಣ್ಣು ಮುಚ್ಚಿ, ನಗುತ್ತ, ಬರೀ ಪರಿಮಳದ ಉಸಿರು ಎಳೆದುಕೊಳ್ಳುತ್ತ ಕೂತಿದ್ದಳು.