ಬೂದಿಗೆಂಪು ಮರಿ

"ಮರಿ ಲಕ್ಷಣವಾಗಿದೆ ಕಣಯ್ಯ, ಇಲ್ಲ ಅನ್ನಲ್ಲ. ಆದ್ರೆ ಇದು ನಿನ್ನ ಮುದಿ ಹಕ್ಕಿಯದಲ್ಲ," ಅಂದ ಗಡಿಯಾರದವನು.

ಇಬ್ಬರೂ ತಾರಸಿಯ ಮೇಲಿನ ಪಾರಿವಾಳದ ಗೂಡಿನೊಳಗೆ ಬಗ್ಗಿ ನಿಂತಿದ್ದರು. ಗಡಿಯಾರದವನು ಪಾರಿವಾಳದ ಪಂದ್ಯಗಳಲ್ಲಿ ಹೊತ್ತು ಬರೆಯುವವನು. ಹಕ್ಕಿ ವಿಷಯದಲ್ಲಿ ಅವನು ಸುಳ್ಳಾಡಿದ್ದನ್ನು ಯಾರೂ ಕೇಳಿಲ್ಲ. ಉಳಿದ ವಿಷಯ ಬಿಡಿ. ಅವನ ಅಂಗೈಯಲ್ಲಿದ್ದದ್ದು ಹನ್ನೆರಡು ದಿನದ ಮರಿ, ಮುಖವೆಲ್ಲ ಕೊಕ್ಕೇ. ಪುಕ್ಕ ಆಗಷ್ಟೇ ಬಿರಿಯುತ್ತಿತ್ತು: ರೆಕ್ಕೆ ಇಟ್ಟಿಗೆ ಬಣ್ಣ, ಬಾಲ ತೆಳು ಬೂದಿ.

ಗೂಡಿನ ಒಡೆಯ ಬೀಗ ರಿಪೇರಿಯವನು ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು, ಅಪ್ಪ ಅಮ್ಮ ಎರಡೂ ನೀಲಿ ಆದರೇನಂತೆ, ಮುತ್ತಜ್ಜಿ ಕಡೆಯ ಬಣ್ಣವಿರಬಹುದಲ್ಲ ಎಂದು ವಾದಿಸಿ ನೋಡಿದ. ತನಗೇ ನಂಬಿಕೆಯಿಲ್ಲದ ಮಾತು.

"ಕಡುಗೆಂಪಾಗಿದ್ರೆ ನಾನೂ ಹಾಗೇ ಅಂತಿದ್ದೆ. ಅದು ನಾಲ್ಕು ತಲೆಮಾರು ಅಡಗಿ ಕೂತಿರುತ್ತೆ. ಬೂದಿಗೆಂಪು ಅಡಗೋ ಜಾತಿಯಲ್ಲ, ಹೆತ್ತ ಎರಡರಲ್ಲಿ ಒಂದರ ಮೈಮೇಲೆ ಕಾಣಲೇಬೇಕು. ನಿನ್ನ ಗೂಡಲ್ಲಿ ಒಂದಾದ್ರೂ ಇದೆಯಾ?"

ಇರಲಿಲ್ಲ. ಇದ್ದದ್ದು ಭಾವಮೈದನ ಗೂಡಿನಲ್ಲಿ. ಅವನು ಬಣ್ಣದ ಹುಚ್ಚ. ಅವನ ಹಕ್ಕಿ ನೋಡೋಕೆ ಚೆಂದ, ಹಾರಿಬಿಟ್ಟರೆ ಪಕ್ಕದ ತಾರಸಿಗೂ ದಾರಿ ಕೇಳುತ್ತೆ ಎಂದು ಬೀಗದವನೇ ಎಷ್ಟು ಸಲ ನಗಾಡಿರಲಿಲ್ಲ?

ಮುದಿ ಹಕ್ಕಿ ಐನೂರು ಕಿಲೋಮೀಟರ್ ದೂರದಿಂದ ಹೊತ್ತು ಮುಳುಗುವ ಮೊದಲು ಮನೆ ಸೇರಿದ್ದು. ಹದಿನೈದು ವರ್ಷ ಜೋಡಿ ಕೂಡಿಸಿ ಕೂಡಿಸಿ ಬೆಳೆಸಿದ ವಂಶ. ಒಂದು ರೋಗ ಬಂದು ಉಳಿದದ್ದನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಎರಡು ವರ್ಷ ಬರಿದಾಗಿದ್ದ ಆ ಹೆಣ್ಣು ಕೊನೆಗೂ ಎರಡು ಮೊಟ್ಟೆಯಿಟ್ಟ ವಾರವೇ ಇವನು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದ. ಗೂಡು ನೋಡಿಕೊಂಡವನು ಭಾವಮೈದ. ಇಪ್ಪತ್ತೈದು ದಿನದ ಮೇಲೆ ಬಂದಾಗ ಒಡೆದದ್ದು ಒಂದೇ ಮೊಟ್ಟೆ. ಹಸಿ ಹೊಲಿಗೆಯಲ್ಲೇ ಮೆಟ್ಟಿಲು ಹತ್ತಿ, ಅದಕ್ಕೆಂದೇ ಎತ್ತಿಟ್ಟಿದ್ದ ನಂಬರಿನ ಬಳೆಯನ್ನು ಮರಿಯ ಕಾಲಿಗೆ ಏರಿಸಿದ್ದ. ಹುಟ್ಟಿ ವಾರ ಕಳೆದರೆ ಪಾದ ಬಲಿಯುತ್ತದೆ. ಆಮೇಲೆ ಬಳೆ ಹೋಗುವುದೂ ಇಲ್ಲ, ಬರುವುದೂ ಇಲ್ಲ.

ಭಾವಮೈದನ ಮನೆಗೆ ಹೋಗಿ ಕೇಳಿ ಫಲವಿಲ್ಲ ಅಂದ ಗಡಿಯಾರದವನು. ಅಲ್ಲಿರುವ ಮರಿ ನೀಲಿ. ನೀಲಿ ಹಕ್ಕಿ ಯಾರ ಮನೆಯಲ್ಲಿಲ್ಲ? ಕಾಲಿಗೂ ಅವನದೇ ಬಳೆ ಬಿದ್ದಿರುತ್ತೆ.

ಕೆಳಗೆ ಹೆಂಡತಿ ವಾರದ ಮಾತ್ರೆಗಳನ್ನು ಡಬ್ಬಿಯ ಏಳು ಮನೆಗೆ ಹಂಚುತ್ತ ಕೂತಿದ್ದಳು. ನಿನ್ನ ತಮ್ಮ ಮೊಟ್ಟೆ ಬದಲಾಯಿಸಿದ್ದಾನೆ ಎಂದು ಅವನು ಹೇಳಿದರೆ ಅವಳು ತಲೆಯೆತ್ತಲಿಲ್ಲ.

"ಅವನು ಕದ್ದಿಲ್ಲ. ನಾನೇ ಕೊಟ್ಟೆ."

"ನನ್ನನ್ನೊಂದು ಮಾತು ಕೇಳಬಹುದಿತ್ತು."

"ಯಾರನ್ನ ಕೇಳಲಿ? ನೀವು ಕಣ್ಣೇ ಬಿಟ್ಟಿರಲಿಲ್ಲ. ಡಾಕ್ಟರು ಕೈ ಚೆಲ್ಲಿದ್ರು. ನೀವಿಲ್ಲ ಅಂದ್ಮೇಲೆ ಆ ಮೊಟ್ಟೆ ಇಟ್ಕೊಂಡು ನಾನೇನು ಮಾಡ್ಲಿ ಹೇಳಿ."

ಅವನು ಗೋಡೆ ಹಿಡಿದು ಕೂತ. ಕೂತಲ್ಲಿಂದಲೇ ಕೇಳಿದ, "ಮತ್ತೆ ಅವನ ಮೊಟ್ಟೆ ತಂದು ಅಲ್ಲಿ ಇಟ್ಟಿದ್ದು ಯಾಕೆ?"

"ಅಕಸ್ಮಾತ್ ನೀವು ವಾಪಸ್ ಬಂದ್ರೆ ಅಂತ."

ಬಿಳಿ ಮಾತ್ರೆ ಮುಗಿದು ಹಳದಿಯದು ಶುರುವಾಗಿತ್ತು. ಅವನು ಇಕ್ಕಳ ತಗೊಂಡು ಮೆಟ್ಟಿಲು ಹತ್ತಿದ, ನಡುವೆ ಎರಡು ಕಡೆ ನಿಂತು.

ಗಡಿಯಾರದವನು ಹೊರಟುಹೋಗಿದ್ದ. ಎಷ್ಟೋ ಬೀಗ ಬಿಚ್ಚಿದ ಕೈ. ಕಾಲಿಗೆ ಗೀರೂ ಬೀಳದಂತೆ ಬಳೆ ಕತ್ತರಿಸಿತು. ತುಂಡೊಂದು ಸಿಡಿದು ಕಾಳಿನ ಬಟ್ಟಲಿಗೆ ಬಿತ್ತು. ಮುದಿ ಹಕ್ಕಿ ಬಂದು ಅದನ್ನು ಕುಕ್ಕಿ ಎತ್ತಿ, ಕೊಕ್ಕಿನಲ್ಲಿ ಒಮ್ಮೆ ಹೊರಳಿಸಿ, ಪಕ್ಕಕ್ಕೆ ಎಸೆಯಿತು. ನಾಲ್ಕು ಕಾಳು ನುಂಗಿ ನೀರು ಕುಡಿದು, ಬಾಯಿ ತೆರೆದುಕೊಂಡಿದ್ದ ಕೆಂಪು ಮರಿಗೆ ಗುಟುಕು ಕೊಡತೊಡಗಿತು.