ಬಿಸಿಯಾಗುತ್ತಿದ್ದ ಹರಳು

ಅಕ್ಕನ ಶವಪೆಟ್ಟಿಗೆಯ ಮೇಲೆ ಮಲ್ಲಿಗೆ ಹೊದಿಸುತ್ತಿದ್ದ ಬ್ರಯಾನ್ ಕೈ ನಿಲ್ಲಿಸಿದ. ಪೆಟ್ಟಿಗೆಯ ತಲೆಯ ಪಕ್ಕದಲ್ಲೇ ನಿಂತು ಅಕ್ಕನ ಸಂಶೋಧನಾ ವಿದ್ಯಾರ್ಥಿನಿ ಮೋಕ್ಷಾ ಮೊಬೈಲ್ ನೋಡುತ್ತಿದ್ದಳು.

“ಎಂತ ಅದು? ಕ್ರಿಕೆಟಾ?”

“ಅಲ್ಲ ಅಂಕಲ್, ಮೇಡಮ್ಮಿನ ಹರಳು. ಮಣಿಪಾಲದ ಲ್ಯಾಬಿನಲ್ಲಿ ಬಿಸಿಯಾಗ್ತಾ ಉಂಟು. ಜೂನಿಯರ್ ಹರ್ಷಿತ್ ನೋಡ್ಕೊಳ್ತಾ ಇದ್ದಾನೆ, ಗ್ರಾಫ್ ಇಲ್ಲಿಗೇ ಬರ್ತದೆ.”

“ಇವತ್ತೊಂದು ದಿನ ಬಂದ್ ಮಾಡ್ಬಹುದಿತ್ತಲ್ವಾ?”

“ಮಾಡಿದ್ರೆ ಮೇಡಂ ಎದ್ದು ಬೈತಾರೆ.”

ಬ್ರಯಾನ್ ಮತ್ತೆ ಹೂ ಹೊದಿಸಿದ. ಅಕ್ಕ ಝೀಟಾ ಭೌತಶಾಸ್ತ್ರದ ಪ್ರೊಫೆಸರ್, ಅವನು ಕುವೈತಿನಲ್ಲಿ ಏಸಿ ಮೆಕ್ಯಾನಿಕ್. ತಣ್ಣಗೆ ಮಾಡುವ ಕೆಲಸವನ್ನು ಇಬ್ಬರೂ ಮಾಡಿದ್ದರು, ಅವಳು ಹರಳುಗಳನ್ನು, ಅವನು ಕೋಣೆಗಳನ್ನು. ಶಂಕರಪುರದಲ್ಲಿ ಮನೆ ಎದ್ದದ್ದು ತಮ್ಮನ ದುಡ್ಡಿನಲ್ಲಿ.

*

ಕಳೆದ ವಾರ ಆಸ್ಪತ್ರೆಯ ಮಂಚದ ಮೇಲೆ ಝೀಟಾ ಮೋಕ್ಷಾಳ ಗ್ರಾಫನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಹರಳು ತಣ್ಣಗಾಗುವಾಗ ವಿದ್ಯುತ್ತಿನ ತಡೆ ಒಮ್ಮೆಲೇ ಮೇಲಕ್ಕೆ ಹಾರಿತ್ತು.

“ಅಲೆಯೇ ಅಲ್ವಾ ಮೇಡಂ? ಎಲೆಕ್ಟ್ರಾನುಗಳು ಸಮನಾಗಿ ಹರಡಿಕೊಳ್ಳೋದು ಬಿಟ್ಟು ಗುಂಪು, ತೆರವು, ಗುಂಪು, ತೆರವು ಅಂತ ನಿಂತಿವೆ. ನಾವು ಹುಡುಕ್ತಿದ್ದ ವಿದ್ಯುದಾವೇಶ ಸಾಂದ್ರತೆಯ ಅಲೆ!”

“ಇರಬಹುದು. ತಂತಿಯನ್ನು ಹರಳಿಗೆ ಅಂಟಿಸಿದ ಸಿಲ್ವರ್ ಪೇಸ್ಟ್ ಬಿರಿದ್ರೂ ಗ್ರಾಫಿನ ಗೆರೆ ಹೀಗೇ ಹಾರ್ತದೆ. ನಾನೊಮ್ಮೆ ಪೂರ್ತಿ ಡಿಪಾರ್ಟ್‌ಮೆಂಟಿಗೆ ಲಾಡು ಹಂಚಿದ ಮೇಲೆ ಗೊತ್ತಾದದ್ದು, ಬಿರಿದದ್ದು ಪೇಸ್ಟ್ ಅಂತ.” ನಗು ಕೆಮ್ಮಾಯಿತು. “ಬಿರಿದ ಪೇಸ್ಟ್ ಮತ್ತೆ ಕೂಡೋದಿಲ್ಲ. ಅಲೆಯಾದ್ರೆ ಹರಳು ಬಿಸಿಯಾಗುವಾಗ ಕರಗ್ತದೆ, ಗೆರೆ ಕೆಳಗೆ ಬೀಳ್ತದೆ. ಹಾರಿದ ಉಷ್ಣತೆಯಲ್ಲೇ ಅಲ್ಲ, ಅದನ್ನು ದಾಟಿದ ಮೇಲೆ, ತಡವಾಗಿ. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿರು. ನಾನು ಸತ್ರೂ ಮೆಷಿನ್ ನಿಲ್ಲಿಸ್ಬೇಡ.”

*

ಇಗರ್ಜಿಯಲ್ಲಿ ಪೂಜೆ ಮುಗಿಯುವಷ್ಟರಲ್ಲಿ ಹರಳು ಗೆರೆ ಹಾರಿದ ಉಷ್ಣತೆಯನ್ನು ದಾಟಿತ್ತು. ಗೆರೆ ಬಿದ್ದಿರಲಿಲ್ಲ. ಪರದೆ ನೋಡಿ ನೋಡಿ ಮೋಕ್ಷಾಳ ಕಣ್ಣು ಕೆಂಪಾಗಿತ್ತು. ಅತ್ತದ್ದೆಂದು ಪಕ್ಕದ ಬೆಂಚಿನ ಹೆಂಗಸರು ಮೆಚ್ಚಿಕೊಂಡರು.

“ಇನ್ನೂ ಇಲ್ವಾ?” ಇಗರ್ಜಿ ಹಿಂದಿನ ಸ್ಮಶಾನ, ಸಿಮಿತ್ರಿಯ ದಾರಿಯಲ್ಲಿ ಬ್ರಯಾನ್ ಪಿಸುಗುಟ್ಟಿದ.

“ಪೇಸ್ಟೇ ಬಿರಿದದ್ದು ಅಂತ ಕಾಣ್ತದೆ ಅಂಕಲ್.”

“ಅಕ್ಕ ತಡ ಆಗ್ತದೆ ಅಂದದ್ದನ್ನು ನೀನೇ ನಂಗೆ ಹೇಳಿದ್ದಲ್ವಾ, ಮಾರಾಯ್ತಿ!”

ಪೆಟ್ಟಿಗೆ ಹೊಂಡಕ್ಕಿಳಿಯಿತು. ಬ್ರಯಾನ್ ಒಂದು ಹಿಡಿ ಮಣ್ಣು ತೆಗೆದುಕೊಂಡು ಕೈ ಚಾಚಿದ. ಮೋಕ್ಷಾಳ ಮೊಬೈಲ್ ನಡುಗಿತು. ಪರದೆಯ ಮೇಲೆ ಗೆರೆ ತುದಿಯಲ್ಲಿ ತುಸು ಬಾಗಿ, ತಡೆದು, ಬಾವಿಗೆ ಬಿಟ್ಟ ಕೊಡದಂತೆ ನೇರ ಕೆಳಗೆ ಹೋಯಿತು.

“ಬಿತ್ತು!” ಮೋಕ್ಷಾ ಕಿರುಚಿದಳು. “ಅಂಕಲ್, ಬಿತ್ತು!”

“ಯಾರು ಬಿದ್ದದ್ದು?” ಹಿಂದಿನಿಂದ ಯಾರೋ ಗಾಬರಿಯಲ್ಲಿ ಕೇಳಿದರು.

“ಯಾರೂ ಅಲ್ಲ, ಅಕ್ಕನ ಗೆರೆ!” ಬ್ರಯಾನ್ ಹೊಂಡಕ್ಕೆ ಬೆನ್ನು ಹಾಕಿದ. “ಎಲ್ಲಿ, ತೋರಿಸು.”

ಮಣ್ಣು ಹಾಕಲು ಸಾಲು ನಿಂತವರೆಲ್ಲ ಮೊಬೈಲಿನ ಸುತ್ತ ಗುಂಪಾದರು. ಪಾದ್ರಿ ನಿಲುವಂಗಿಯೊಳಗೆ ಕನ್ನಡಕ ಹುಡುಕುತ್ತಿದ್ದರು. ಬ್ರಯಾನನ ಮುಷ್ಟಿಯ ಮಣ್ಣು ಬೆರಳ ಸಂದಿಯಿಂದ ಮೋಕ್ಷಾಳ ಚಪ್ಪಲಿಯ ಮೇಲೆ ಉದುರುತ್ತಲೇ ಇತ್ತು.